ಕೀಲುನೋವಿನ ಮದ್ದು ಮತ್ತು ಮೈಯೊಳಗಿನ ತಾಮ್ರ

ತಾಮ್ರದ ಚೊಂಬನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಕಪ್ಪಡರಿದ ಚೊಂಬು ಹುಣಿಸೆ ಸೋಕಿದ ಕೆಲವೇ ಕ್ಷಣಗಳಲ್ಲಿ ಕೆಂಪಗೆ ಹೊಳೆಯತೊಡಗುತ್ತದೆ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಮೇಲಿನ ಕಿಲುಬನ್ನು ಕರಗಿಸುವುದಷ್ಟೇ ಅಲ್ಲ, ಕರಗಿದ ತಾಮ್ರದ ಅಯಾನುಗಳನ್ನು ತನ್ನ ಅಣುವಿನ ತೋಳುಗಳಲ್ಲಿ ಹಿಡಿದು ನೀರಿನೊಡನೆ ಸಾಗಿಸಿಬಿಡುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಕ್ಕರೆಯನ್ನು ಪರೀಕ್ಷಿಸಲು ಬಳಸುವ ಫೆಲಿಂಗ್ ದ್ರಾವಣದಲ್ಲಿಯೂ ನಡೆಯುವುದು ಇದೇ ಕೆಲಸ. ಕ್ಷಾರದಲ್ಲಿ ಬೆರೆತ ತಾಮ್ರವು ಹೈಡ್ರಾಕ್ಸೈಡಾಗಿ ತಳಕ್ಕಿಳಿಯಬೇಕು. ಹಾಗೆ ಇಳಿಯಗೊಡದೆ ಅದನ್ನು ದ್ರಾವಣದಲ್ಲಿಯೇ ಹಿಡಿದಿಟ್ಟಿರುವುದು ಟಾರ್ಟ್ರೇಟು.

ಲೋಹದ ಅಯಾನನ್ನು ಹೀಗೆ ಎರಡು ಮೂರು ಕಡೆಗಳಿಂದ ಏಕಕಾಲದಲ್ಲಿ ಹಿಡಿಯುವ ಬಂಧಕ್ಕೆ ರಸಾಯನಶಾಸ್ತ್ರಜ್ಞರು ಕೀಲೇಶನ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ‘ಕೀಲೆ’ ಎಂದರೆ ಏಡಿಯ ಇಕ್ಕುಳದಂಥ ಕಾಲು. ನಮ್ಮ ಮೈಯ ಕೀಲಿಗೂ ಆ ಪದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಕೀಲುಗಳ ರೋಗಕ್ಕೆ ಕೊಡುತ್ತಿದ್ದ ಔಷಧವೊಂದು ಮೈಯೊಳಗಿನ ತಾಮ್ರವನ್ನು ಹೀಗೆಯೇ ಇಕ್ಕುಳದಲ್ಲಿ ಹಿಡಿದು ಹೊರಗೆ ಸಾಗಿಸಿತೆಂಬುದು, ಅದರಿಂದ ಕೆಲವು ರೋಗಿಗಳ ನಾಲಗೆಯ ರುಚಿಯೇ ಕೆಟ್ಟಿತೆಂಬುದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ದಾಖಲಾಗಿರುವ ಸಂಗತಿ. ನೋವಿಗೆಂದು ನುಂಗಿದ ಗುಳಿಗೆಯು ನೋವಿರುವ ಕಡೆಯಲ್ಲಿ ಮಾತ್ರ ಕೆಲಸ ಮಾಡಿ ಸುಮ್ಮನಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಲೇಶವಾದರೂ ಅವಶ್ಯಕ

ಪ್ರಾಪ್ತವಯಸ್ಕನ ದೇಹದಲ್ಲಿ ಕ್ಯಾಲ್ಸಿಯಂ ಸುಮಾರು ಒಂದು ಕಿಲೋಗ್ರಾಂನಷ್ಟಿರುತ್ತದೆ. ಕಬ್ಬಿಣವೋ ಸುಮಾರು 4 ಗ್ರಾಂ. ಸತು ಸುಮಾರು 2 ಗ್ರಾಂ. ತಾಮ್ರವಾದರೆ 100 ಮಿಲಿಗ್ರಾಂನಷ್ಟು ಮಾತ್ರ. ಮೈಯಲ್ಲಿರುವ ತಾಮ್ರವನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಚಿಕ್ಕ ಮೊಳೆ ಮಾಡುವುದಕ್ಕೆ ಸಾಲದು. ಇಂಥ ಧಾತುಗಳನ್ನು ಲೇಶಧಾತುಗಳು ಅಥವಾ ಲೇಶಖನಿಜಗಳು ಎಂದು ಕರೆಯುವುದುಂಟು.

ಪ್ರಮಾಣ ಅಲ್ಪವೆಂದ ಮಾತ್ರಕ್ಕೆ ಕೆಲಸವೂ ಅಲ್ಪವೆಂದು ತಿಳಿಯಬಾರದು. 1928ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾರ್ಟ್, ಸ್ಟೀನ್‌ಬಾಕ್, ವಾಡೆಲ್ ಮತ್ತು ಎಲ್ವೆಹಿಯೆಂ ಎಂಬ ವಿಜ್ಞಾನಿಗಳು ಬರಿಯ ಹಾಲನ್ನುಂಡು ರಕ್ತಹೀನವಾಗಿದ್ದ ಇಲಿಗಳಿಗೆ ಶುದ್ಧವಾದ ಕಬ್ಬಿಣವನ್ನಿತ್ತು ನೋಡಿದರು. ರಕ್ತ ವೃದ್ಧಿಯಾಗಲಿಲ್ಲ. ಕಬ್ಬಿಣದೊಡನೆ ಲೇಶಮಾತ್ರ ತಾಮ್ರವನ್ನು ಬೆರೆಸಿದಾಗ ಇಲಿಗಳು ಚೇತರಿಸಿಕೊಂಡವು. ಇದರ ಕಾರಣ ತಿಳಿದುಬಂದುದು ಅನಂತರ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ನೀಲಿಬಣ್ಣದ ಪ್ರೋಟೀನೊಂದಿದೆ. 1948ರಲ್ಲಿ ಸ್ವೀಡನ್ನಿನ ಹೋಲ್ಮ್‌ಬರ್ಗ್ ಮತ್ತು ಲಾರೆಲ್ ಅದನ್ನು ಬೇರ್ಪಡಿಸಿದರು. ರಕ್ತದ್ರವದಲ್ಲಿ ಸಂಚರಿಸುವ ತಾಮ್ರದ ಬಹುಭಾಗ ಇದರಲ್ಲಿಯೇ ಅಡಗಿದೆ. ಸಂಗ್ರಹದಿಂದ ಹೊರಬಂದ ಕಬ್ಬಿಣವನ್ನು ಸಾಗಣೆಗೆ ಯೋಗ್ಯವಾದ ರೂಪಕ್ಕೆ ಬದಲಾಯಿಸುವ ಕೆಲಸ ಈ ಪ್ರೋಟೀನಿನದು. ಹೀಗಾಗಿ ತಾಮ್ರ ತಪ್ಪಿದರೆ ಕಬ್ಬಿಣವೂ ಎಡವುತ್ತದೆ.

ಸತುವಿನ ಮಹತ್ವವನ್ನು ಮಾನವರಲ್ಲಿ ತೋರಿಸಿಕೊಟ್ಟವರಲ್ಲಿ ಮೊದಲಿಗರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್ ನಗರಕ್ಕೆ ಹೋದ ಅವರು, ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲದೆ ಬಾಲಕರಂತೆಯೇ ಉಳಿದುಬಿಟ್ಟಿದ್ದ ಯುವಕರನ್ನು ಕಂಡರು. ಸತುವಿನ ಅಭಾವವೇ ಇದಕ್ಕೆ ಕಾರಣವಿರಬೇಕೆಂದು ಊಹಿಸಿ, ಮುಂದೆ ಈಜಿಪ್ಟಿನಲ್ಲಿ ನಡೆಸಿದ ಪರೀಕ್ಷೆಗಳಿಂದ 1963ರ ವೇಳೆಗೆ ಅದಕ್ಕೆ ಆಧಾರಗಳನ್ನು ಒದಗಿಸಿದರು. ಇಂದು ನೂರಾರು ಕಿಣ್ವಗಳಿಗೆ ಸತು ಬೇಕೆಂಬುದು ಸರ್ವವಿದಿತ.

ಪೆನಿಸಿಲಿನ್ ಅಣುವಿನ ಒಂದು ತುಣುಕು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ರಸಾಯನಶಾಸ್ತ್ರಜ್ಞರು ಪೆನಿಸಿಲಿನ್ನಿನ ರಚನೆಯನ್ನು ತಿಳಿಯಲು ಆ ಅಣುವನ್ನು ಒಡೆದು ನೋಡುತ್ತಿದ್ದರು. ಆಗ ದೊರೆತ ತುಣುಕುಗಳಲ್ಲೊಂದು ಪೆನಿಸಿಲಮೈನ್. ಇದರಲ್ಲಿ ರೋಗಾಣುಗಳನ್ನು ಕೊಲ್ಲುವ ಗುಣವಿಲ್ಲ. ಆದರೆ ಅಣುವಿನ ಒಂದೆಡೆ ಗಂಧಕ, ಅದರ ಸಮೀಪದಲ್ಲಿಯೇ ಸಾರಜನಕ. ಈ ಎರಡೂ ಸೇರಿ ತಾಮ್ರವನ್ನು ಹಿಡಿಯಲು ಒಳ್ಳೆಯ ಇಕ್ಕುಳವಾಗುತ್ತವೆ.

ಪೆನಿಸಿಲಮೈನ್‌ಗೆ ಎರಡು ರೂಪಗಳಿವೆಯೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ವಿಷಯ. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಬಿಂಬ. ಧ್ರುವೀಕೃತ ಬೆಳಕಿನ ಸಮತಲವನ್ನು ಅವು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿಸುತ್ತವೆ. ಪರಮಾಣುಗಳು ಅವೇ, ಬಂಧಗಳು ಅವೇ. ಆದರೂ ‘ಎಲ್’ ರೂಪವು ಬಿ6 ಜೀವಸತ್ವದ ಕೆಲಸಕ್ಕೆ ಅಡ್ಡಿಬಂದು ವಿಷವಾಗುತ್ತದೆ. ಆದ್ದರಿಂದ ಔಷಧವಾಗಿ ಬಳಸುವುದು ‘ಡಿ’ ರೂಪವನ್ನು ಮಾತ್ರ.

ಇದು ಮೊದಲು ಪ್ರಯೋಜನಕ್ಕೆ ಬಂದುದು ಕೀಲುನೋವಿಗಲ್ಲ. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯರು ಮೆದುಳನ್ನೂ ಯಕೃತ್ತನ್ನೂ ಹಾಳುಮಾಡುವ ಆನುವಂಶಿಕ ರೋಗವೊಂದನ್ನು ವರ್ಣಿಸಿದ್ದರು. ಆ ರೋಗಿಗಳ ಅಂಗಾಂಗಗಳಲ್ಲಿ ತಾಮ್ರವು ಅತಿಯಾಗಿ ಸಂಚಯಿಸುತ್ತದೆಂಬುದು 1948ರಲ್ಲಿ ಕಮಿಂಗ್ಸ್ ಎಂಬವರ ಶೋಧನೆಯಿಂದ ಸ್ಪಷ್ಟವಾಯಿತು. ಯಕೃದ್ರೋಗಿಗಳ ಮೂತ್ರದಲ್ಲಿ ಪೆನಿಸಿಲಮೈನನ್ನು ಈ ಮೊದಲೇ ಕಂಡಿದ್ದ ಜಾನ್ ವಾಲ್ಷ್ ಎಂಬ ಇಂಗ್ಲಿಷ್ ವೈದ್ಯರು, ಬಾಸ್ಟನ್ನಿನಲ್ಲಿದ್ದಾಗ ವಿಲ್ಸನ್ ರೋಗಿಯೊಬ್ಬರನ್ನು ನೋಡುವ ಸಂದರ್ಭ ಬಂದಾಗ, ಈ ತುಣುಕು ತಾಮ್ರವನ್ನು ಹೊರಗೆಳೆಯಬಲ್ಲುದೆಂದು ತರ್ಕಿಸಿದರು. ಊಹೆ ಫಲಿಸಿತು, 1956ರಲ್ಲಿ ಅದು ಪ್ರಕಟವಾಯಿತು. ಅದುವರೆಗೆ ಸಾವೇ ಗತಿಯೆಂಬಂತಿದ್ದ ರೋಗಕ್ಕೆ ನುಂಗುವ ಔಷಧವೊಂದು ದೊರೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಈ ರೋಗ ನಮ್ಮ ನಾಡಿಗೆ ಹೊರತಾದುದಲ್ಲ.

ಕೀಲುಗಳ ಕಡೆಗೆ ಈ ಔಷಧ ಬಂದುದು ಬೇರೊಂದು ದಾರಿಯಿಂದ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಏರಿಹೋಗುತ್ತದೆ. ಬೆರಳ ಗೆಣ್ಣುಗಳು ಬಾತು, ಕಾಲಕ್ರಮದಲ್ಲಿ ವಿಕಾರಗೊಳ್ಳುತ್ತವೆ. ಇಂಥವರಲ್ಲಿ ಅನೇಕರ ರಕ್ತದಲ್ಲಿ ರುಮಟಾಯ್ಡ್ ಅಂಶವೆಂಬ ದೊಡ್ಡ ಪ್ರೋಟೀನಿರುತ್ತದೆ. ಅದರ ಭಾಗಗಳನ್ನು ಬಿಗಿದಿರುವುದು ಗಂಧಕದ ಬಂಧಗಳು. ಪೆನಿಸಿಲಮೈನಿನ ಗಂಧಕವು ಆ ಬಂಧಗಳನ್ನು ಬಿಡಿಸಬಹುದೆಂಬ ಊಹೆಯಿಂದ ನ್ಯೂಯಾರ್ಕಿನ ಇಸ್ರೇಲಿ ಜಾಫೆ ಎಂಬ ವೈದ್ಯರು 1960ರ ದಶಕದಲ್ಲಿ ಅದನ್ನು ಸಂಧಿವಾತಕ್ಕೆ ಪ್ರಯೋಗಿಸಿದರು. 1973ರಲ್ಲಿ ಬ್ರಿಟನ್ನಿನ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯು ಔಷಧದ ಗುಣವನ್ನು ಸಮರ್ಥಿಸಿತು. ವಿಚಿತ್ರವೆಂದರೆ, ಗುಣ ಕಾಣಿಸಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಗಂಧಕದ ಬಂಧ ಬಿಡಿಸುವುದಷ್ಟೇ ಕೆಲಸವಾಗಿದ್ದರೆ ಇಷ್ಟು ಕಾಲ ಬೇಕಾಗಿರಲಿಲ್ಲ. ಔಷಧವೇನೋ ಫಲಿಸಿತು; ಅದನ್ನು ಹುಡುಕಿಸಿದ ತರ್ಕ ಮಾತ್ರ ನಿಲ್ಲಲಿಲ್ಲ.

ನಾಲಗೆ ನುಡಿದ ಸಾಕ್ಷ್ಯ

ಪೆನಿಸಿಲಮೈನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಕೆಲವರಿಗೆ ಉಪ್ಪು, ಹುಳಿ, ಸಿಹಿಗಳ ಅರಿವು ಕುಗ್ಗುತ್ತ ಬಂತು. 1967ರಲ್ಲಿ ಅಮೆರಿಕದ ಹೆಂಕಿನ್ ಮತ್ತು ಅವರ ಸಂಗಡಿಗರು ಈ ವಿಷಯವನ್ನು ಪರಿಶೀಲಿಸಿದಾಗ ಒಂದು ಸೊಗಸಾದ ಹೋಲಿಕೆ ಬೆಳಕಿಗೆ ಬಂತು. ಸಂಧಿವಾತವೇ ಮೊದಲಾದ ಇತರ ರೋಗಗಳಿಗಾಗಿ ಈ ಔಷಧ ನುಂಗಿದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ರುಚಿ ಕುಗ್ಗಿತ್ತು. ವಿಲ್ಸನ್ ರೋಗಿಗಳಲ್ಲಿಯಾದರೋ ಹಾಗಾದವರು ಬಹು ವಿರಳ. ಔಷಧ ಒಂದೇ, ನಾಲಗೆಯೂ ಎಲ್ಲರಿಗೂ ಒಂದೇ ಬಗೆಯದು. ಭೇದವಿದ್ದುದು ಮೈಯಲ್ಲಿ ತಾಮ್ರದ ಸಂಗ್ರಹದಲ್ಲಿ. ವಿಲ್ಸನ್ ರೋಗಿಯ ಕಣಜ ತುಂಬಿ ತುಳುಕುತ್ತಿರುವುದರಿಂದ ಎಷ್ಟು ತೆಗೆದರೂ ಕೊರತೆಯಾಗದು. ಉಳಿದವರ ಕಣಜದಲ್ಲಿರುವುದು ಬೇಕಾದಷ್ಟೇ. ತಾಮ್ರವನ್ನು ಕೊಟ್ಟಾಗ ರುಚಿ ಮರಳಿತೆಂಬುದೂ ಈ ತರ್ಕಕ್ಕೆ ಪುಷ್ಟಿಯನ್ನಿತ್ತಿತು.

ಆದರೆ ಇಲ್ಲಿಗೇ ತೀರ್ಪು ಹೇಳಿಬಿಡುವಂತಿಲ್ಲ. ಔಷಧವನ್ನು ಮುಂದುವರಿಸಿದಾಗಲೂ ಎರಡು ಮೂರು ತಿಂಗಳಲ್ಲಿ ರುಚಿ ತಾನಾಗಿಯೇ ಮರಳುವುದು ಅನೇಕರಲ್ಲಿ ಕಂಡುಬಂದಿದೆ. ಮೇಲಾಗಿ ಈ ಇಕ್ಕುಳ ತಾಮ್ರವನ್ನು ಮಾತ್ರ ಹಿಡಿಯುವುದಿಲ್ಲ. ಸತುವೂ ಮೂತ್ರದಲ್ಲಿ ಹೆಚ್ಚಾಗಿ ಹೊರಬೀಳುತ್ತದೆ. ಕಾರಣ ಒಂದೇ ಎಂದು ಹೇಳುವುದಕ್ಕಿಂತ, ಲೋಹಗಳ ಸಮತೋಲ ಕದಲಿ ಮತ್ತೆ ನೆಲೆಗೊಂಡಿತೆನ್ನುವುದು ಹೆಚ್ಚು ಸಮಂಜಸ.

ಲೋಹವನ್ನು ಅಳೆಯುವ ಬೆಳಕು

ರಕ್ತದ ದ್ರವಭಾಗದ ಒಂದು ಮಿಲಿಲೀಟರಿನಲ್ಲಿ ತಾಮ್ರವೂ ಸತುವೂ ತಲಾ ಒಂದು ಮೈಕ್ರೊಗ್ರಾಂನಷ್ಟಿರುತ್ತವೆ. ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಅಲ್ಪವಾದುದನ್ನು ಅಳೆಯುವುದು ಹೇಗೆ?

ಅಡಿಗೆಯ ಒಲೆಗೆ ಉಪ್ಪುನೀರು ಸಿಡಿದರೆ ಜ್ವಾಲೆ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಬಿಸಿಯಾದ ಸೋಡಿಯಂ ಪರಮಾಣು ತನ್ನದೇ ಆದ ತರಂಗಾಂತರದ ಬೆಳಕನ್ನು ಸೂಸುತ್ತದೆ. ಅದೇ ಪರಮಾಣು ಅದೇ ತರಂಗಾಂತರವನ್ನು ಹೀರಿಕೊಳ್ಳಲೂಬಲ್ಲುದೆಂಬುದನ್ನು 1860ರ ಸುಮಾರಿಗೆ ಕಿರ್ಖಾಫ್ ವಿಶದಪಡಿಸಿದರು. ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪು ಗೆರೆಗಳ ಗುಟ್ಟು ಅದೇ. ಸೂರ್ಯನಲ್ಲಿರುವ ಧಾತುಗಳನ್ನು ತಿಳಿಸಿದ ಈ ತತ್ತ್ವವನ್ನು ರಕ್ತದಲ್ಲಿರುವ ಧಾತುಗಳಿಗೆ ಅನ್ವಯಿಸಲು ಒಂದು ಶತಮಾನವೇ ಹಿಡಿಯಿತು. 1955ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಷ್ ಎಂಬ ಭೌತವಿಜ್ಞಾನಿ ಪರಮಾಣು ಹೀರಿಕೆಯ ವಿಧಾನವನ್ನು ಪ್ರಕಟಿಸಿದರು. ತಾಮ್ರವನ್ನು ಅಳೆಯಬೇಕಾದರೆ ತಾಮ್ರದ್ದೇ ಬೆಳಕನ್ನು ಸೂಸುವ ದೀಪವೊಂದನ್ನು ಉರಿಸಿ, ಆ ಬೆಳಕನ್ನು ಒಂದು ಜ್ವಾಲೆಯ ಮೂಲಕ ಹಾಯಿಸುತ್ತಾರೆ. ಪರೀಕ್ಷಿಸಬೇಕಾದ ದ್ರವವನ್ನು ತುಂತುರಾಗಿ ಜ್ವಾಲೆಗೆ ಊದುತ್ತಾರೆ. ಜ್ವಾಲೆಯೊಳಗಿನ ತಾಮ್ರದ ಪರಮಾಣುಗಳು ಆ ಬೆಳಕನ್ನು ಎಷ್ಟು ಹೀರಿದುವೆಂಬುದರಿಂದ ಅವುಗಳ ಪ್ರಮಾಣ ತಿಳಿಯುತ್ತದೆ. ತಾಮ್ರಕ್ಕೆ 324.8 ನ್ಯಾನೊಮೀಟರ್, ಸತುವಿಗೆ 213.9 ನ್ಯಾನೊಮೀಟರ್, ಒಂದರ ಗೆರೆ ಇನ್ನೊಂದಕ್ಕೆ ಸಲ್ಲದು.

ಯಂತ್ರವೆಷ್ಟು ಸೂಕ್ಷ್ಮವಾದರೂ ಅದು ಮುಂದಿಟ್ಟದ್ದನ್ನು ಮಾತ್ರ ಅಳೆಯುತ್ತದೆ. ಸೀಸೆಯ ರಬ್ಬರು ಬಿರಡೆಯಲ್ಲಿ ಸತುವಿನ ಆಕ್ಸೈಡು ಇರುವುದುಂಟು. ಅದು ರಕ್ತಕ್ಕೆ ಸೋರಿದರೆ ರೋಗಿಯ ಸತು ಹೆಚ್ಚಿದೆಯೆಂದು ಕಾಣುತ್ತದೆ. ಕೆಂಪು ರಕ್ತಕಣಗಳಲ್ಲಿ ದ್ರವಭಾಗಕ್ಕಿಂತ ಬಹಳ ಹೆಚ್ಚು ಸತುವಿರುವುದರಿಂದ, ಸೂಜಿಯಲ್ಲಿ ಎಳೆಯುವಾಗ ಕಣಗಳು ಒಡೆದರೂ ಲೆಕ್ಕ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ದೇಹದ ರಕ್ತದ್ರವ ಸುಮಾರು 3 ಲೀಟರು ಎನ್ನೋಣ. ಅದರಲ್ಲಿರುವ ಸತು ಸುಮಾರು 3 ಮಿಲಿಗ್ರಾಂ. ಒಟ್ಟು 2 ಗ್ರಾಂನಲ್ಲಿ ಇದು ಸಾವಿರಕ್ಕೆ ಒಂದೂವರೆ ಪಾಲು. ಉಳಿದುದೆಲ್ಲ ಮಾಂಸಖಂಡ, ಮೂಳೆ, ಯಕೃತ್ತುಗಳಲ್ಲಿದೆ. ರಕ್ತವನ್ನು ನೋಡಿ ಮೈಯ ಸತುವನ್ನು ಹೇಳುವುದೆಂದರೆ, ಹೆದ್ದಾರಿಯಲ್ಲಿ ಹೋಗುವ ಗಾಡಿಗಳನ್ನು ಎಣಿಸಿ ಊರಿನ ಕಣಜಗಳಲ್ಲಿ ರಾಗಿ ಎಷ್ಟಿದೆಯೆಂದು ಹೇಳಿದಂತೆ.

ರೋಗವೋ, ಮದ್ದೋ?

ಸಂಧಿವಾತದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಮೈಯಲ್ಲಿ ಎಲ್ಲಿಯೇ ಉರಿಯೂತವೆದ್ದರೂ ಯಕೃತ್ತಿಗೆ ಸುದ್ದಿ ಮುಟ್ಟುತ್ತದೆ. ಅದು ಸೆರುಲೋಪ್ಲಾಸ್ಮಿನ್ನನ್ನು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸತುವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಕಳುಹಿಸಿ ಕಬ್ಬಿಣವನ್ನು ಜೀವಕೋಶಗಳೊಳಗೆ ಬೀಗ ಹಾಕಿಡುತ್ತದೆ. ಪರಿಣಾಮವಾಗಿ, ಒಂದು ಗುಳಿಗೆಯನ್ನೂ ನುಂಗದ ರೋಗಿಯ ರಕ್ತದಲ್ಲಿಯೂ ತಾಮ್ರ ಏರಿರುತ್ತದೆ, ಸತು ಮತ್ತು ಕಬ್ಬಿಣ ಇಳಿದಿರುತ್ತವೆ.

ಈಗ ಪೆನಿಸಿಲಮೈನ್ ಕೊಟ್ಟು ಆರು ತಿಂಗಳ ಅನಂತರ ರಕ್ತವನ್ನು ಪರೀಕ್ಷಿಸಿದರೆ ತಾಮ್ರ ಇಳಿದಿದೆಯೆನ್ನಿ. ಔಷಧವು ತಾಮ್ರವನ್ನು ತೆಗೆದುದರಿಂದ ರೋಗ ಇಳಿಯಿತೇ? ರೋಗ ಇಳಿದುದರಿಂದ ತಾಮ್ರ ಇಳಿಯಿತೇ? ಎರಡಕ್ಕೂ ಒಂದೇ ಅಂಕಿ ಸಾಕ್ಷಿ ನುಡಿಯುತ್ತದೆ! ಆದ್ದರಿಂದಲೇ ವಿವೇಕಿಗಳಾದ ಸಂಶೋಧಕರು ಒಂದು ಅಳತೆಯನ್ನು ನಂಬದೆ, ಮೂತ್ರದಲ್ಲಿ ಎಷ್ಟು ಹೋಯಿತು, ಆಹಾರದಲ್ಲಿ ಎಷ್ಟು ಬಂತು, ಉರಿಯೂತದ ಇತರ ಲಕ್ಷಣಗಳು ಏನೆನ್ನುತ್ತವೆ ಎಂಬುದನ್ನೆಲ್ಲ ಒಟ್ಟಿಗೆ ತೂಗಿ ನೋಡುತ್ತಾರೆ.

ಮೈಯಲ್ಲಿ ತಾಮ್ರ ಅತಿಯಾದರೆ ರೋಗ ಬರುತ್ತದೆಂದು ಒಂದು ಕಡೆ, ತಾಮ್ರದ ಬಳೆ ತೊಟ್ಟರೆ ಕೀಲುನೋವು ಹೋಗುತ್ತದೆಂದು ಇನ್ನೊಂದು ಕಡೆ ಹೇಳುವುದು ಲೋಕರೂಢಿ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದವರು 70 ಮಂದಿ ರುಮಟಾಯ್ಡ್ ರೋಗಿಗಳಲ್ಲಿ ತಾಮ್ರದ ಬಳೆಯನ್ನು ಪರೀಕ್ಷಿಸಿ, ಅದರಿಂದ ನೋವಾಗಲಿ ಬಾವಾಗಲಿ ತಗ್ಗುವುದಿಲ್ಲವೆಂದು 2013ರಲ್ಲಿ ವರದಿಮಾಡಿದರು.

ಇಂದಿನ ಗುಳಿಗೆಗಳು

ಪೆನಿಸಿಲಮೈನ್ ಮೂತ್ರಪಿಂಡಗಳನ್ನೂ ರಕ್ತಕಣಗಳನ್ನೂ ಕೆಡಿಸಬಹುದಾದುದರಿಂದ, ಮೆಥೊಟ್ರೆಕ್ಸೇಟ್ ಬಳಕೆಗೆ ಬಂದ ಮೇಲೆ ಸಂಧಿವಾತಕ್ಕೆ ಅದನ್ನು ಕೊಡುವುದು ಬಹು ವಿರಳವಾಯಿತು. ವಿಲ್ಸನ್ ರೋಗಕ್ಕೆ ಅದು ಇಂದಿಗೂ ಉಪಯುಕ್ತ. ಆದರೆ ಅದು ಕಲಿಸಿದ ಪಾಠ ಹಳೆಯದಾಗಿಲ್ಲ.

ಆಸ್ಪಿರಿನ್ನನ್ನು ತೆಗೆದುಕೊಳ್ಳಿ. ಅದು ಯಾವ ಲೋಹವನ್ನೂ ಇಕ್ಕುಳದಲ್ಲಿ ಹಿಡಿದು ಹೊರಗೊಯ್ಯುವುದಿಲ್ಲ. ಆದರೂ ಕೀಲುನೋವಿಗೆಂದು ದಿನವೂ ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಜಠರದ ಒಳಪೊರೆ ಜಿನುಗಿ, ಕಣ್ಣಿಗೆ ಕಾಣದಂತೆ ದಿನಕ್ಕೆ ಕೆಲವು ಮಿಲಿಲೀಟರು ರಕ್ತ ಹೋಗಬಹುದು. ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ದಿನಕ್ಕೆ 4 ಮಿಲಿಲೀಟರು ಹೋದರೆ 2 ಮಿಲಿಗ್ರಾಂ ನಷ್ಟ. ಆರೋಗ್ಯವಂತನು ಊಟದಿಂದ ಹೀರಿಕೊಳ್ಳುವ ಕಬ್ಬಿಣವೇ ದಿನಕ್ಕೆ 1ರಿಂದ 2 ಮಿಲಿಗ್ರಾಂ. ಆದಾಯವನ್ನೆಲ್ಲ ಒಂದೇ ತೂತು ನುಂಗಿಬಿಟ್ಟರೆ ಸಂಸಾರ ಎಷ್ಟು ದಿನ ನಡೆದೀತು? ಬಳಲಿಕೆ ಬಂದಾಗ ‘ವಾತದ ನಿಶ್ಶಕ್ತಿ’ ಎಂದು ತಳ್ಳಿಹಾಕುವ ಹಿರಿಯರಲ್ಲಿ ಕೆಲವರಿಗಾದರೂ ನಿಜವಾದ ಕಾರಣ ಈ ಸೋರಿಕೆಯಿರಬಹುದು. ಇದೇ ಜಾತಿಯ ಇತರ ನೋವುನಿವಾರಕಗಳಿಗೂ ಈ ಮಾತು ಹೆಚ್ಚು ಕಡಿಮೆ ಅನ್ವಯಿಸುತ್ತದೆ.

ಸ್ಟಿರಾಯ್ಡುಗಳ ಕಥೆ ಬೇರೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹೆಂಚ್ ಎಂಬ ವೈದ್ಯರು ಸಂಧಿವಾತಕ್ಕೆ ಕಾರ್ಟಿಸೋನ್ ಕೊಟ್ಟು ಬೆರಗುಗೊಳಿಸುವ ಫಲ ಕಂಡರು. 1950ರಲ್ಲಿ ಕೆಂಡಾಲ್ ಮತ್ತು ರೈಖ್‌ಸ್ಟೈನರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೆ ಬಹುಕಾಲ ಬಳಸಿದರೆ ಕರುಳು ಕ್ಯಾಲ್ಸಿಯಮ್ಮನ್ನು ಹೀರುವುದು ಕುಗ್ಗಿ, ಮೂತ್ರದಲ್ಲಿ ಅದರ ನಷ್ಟ ಹೆಚ್ಚಿ, ಮೂಳೆಗಳು ಟೊಳ್ಳಾಗುತ್ತವೆ. ಕ್ಯಾಲ್ಸಿಯಂ ಲೇಶಧಾತುವಲ್ಲವಾದರೂ ತತ್ತ್ವ ಒಂದೇ.

ಕೊರತೆಯಾದರೆ ತುಂಬಿಕೊಟ್ಟರಾಯಿತು ಎಂದು ವಾಚಕರು ಕೇಳಬಹುದು. ಇಲ್ಲಿಯೇ ಎಚ್ಚರ ಬೇಕು. 1976ರಲ್ಲಿ ಅಮೆರಿಕದ ಪೀಟರ್ ಸಿಂಕಿನ್ ಎಂಬ ವೈದ್ಯರು 24 ಮಂದಿ ರುಮಟಾಯ್ಡ್ ರೋಗಿಗಳ ಪರೀಕ್ಷೆಯಲ್ಲಿ ಸತುವಿನ ಸಲ್ಫೇಟಿನಿಂದ ಗುಣ ಕಂಡಿತೆಂದು ಪ್ರಕಟಿಸಿದರು. ದಿನಕ್ಕೆ ಮೂರು ಬಾರಿ 220 ಮಿಲಿಗ್ರಾಂ ಲವಣ. ಅದರಲ್ಲಿ ಸತು ಒಟ್ಟು 150 ಮಿಲಿಗ್ರಾಂನಷ್ಟು. ಅನಂತರದ ಪರೀಕ್ಷೆಗಳು ಆ ಆಸೆಯನ್ನು ಎತ್ತಿಹಿಡಿಯಲಿಲ್ಲ. ಪ್ರಾಪ್ತವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಸತುವನ್ನು ಮೀರಬಾರದೆಂಬುದು ಈಗಿನ ಮಿತಿ. ಏಕೆಂದರೆ ಸತು ಹೆಚ್ಚಾದಾಗ ಕರುಳಿನ ಜೀವಕೋಶಗಳು ಮೆಟಲೋಥಯೊನೀನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಅದು ಸತುವಿಗಿಂತ ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಜೀವಕೋಶಗಳು ಉದುರಿದಾಗ ತಾಮ್ರವೂ ಮಲದೊಡನೆ ಹೊರಟುಹೋಗುತ್ತದೆ. ವಿಲ್ಸನ್ ರೋಗಿಗೆ ಇದು ವರ; ಆತನಿಗೆ ಸತುವನ್ನೇ ಔಷಧವಾಗಿ ಕೊಡುತ್ತಾರೆ. ಇತರರಿಗೆ ಇದೇ ಶಾಪವಾಗಿ, ತಾಮ್ರದ ಕೊರತೆಯಿಂದ ರಕ್ತಹೀನತೆಯೂ ನರದೌರ್ಬಲ್ಯವೂ ಬರಬಹುದು.

ಕಬ್ಬಿಣದ ಗುಳಿಗೆಯದೂ ಅಂಥದೇ ಕಥೆ. ಪೆನಿಸಿಲಮೈನಿನೊಡನೆ ಅದನ್ನು ನುಂಗಿದರೆ ಎರಡೂ ಹೊಟ್ಟೆಯಲ್ಲಿಯೇ ಕೈಹಿಡಿದು, ಔಷಧದ ಸುಮಾರು ಮೂರನೆಯ ಒಂದು ಭಾಗ ಮಾತ್ರ ರಕ್ತವನ್ನು ಸೇರುತ್ತದೆ. ಗುಣ ಸಾಲದೆಂದು ವೈದ್ಯರು ಔಷಧವನ್ನು ಹೆಚ್ಚಿಸುತ್ತಾರೆ. ಮುಂದೊಂದು ದಿನ ರೋಗಿ ಯಾರಿಗೂ ಹೇಳದೆ ಕಬ್ಬಿಣವನ್ನು ನಿಲ್ಲಿಸಿದನೆಂದರೆ, ಅದೇ ಗುಳಿಗೆ ಒಮ್ಮೆಲೇ ಮೂರು ಪಟ್ಟು ಪ್ರಬಲವಾಗಿ ಮೂತ್ರಪಿಂಡಕ್ಕೆ ಅಪಾಯ ತಂದೀತು.

ನಮ್ಮ ಮನೆಗಳಲ್ಲಿ ಅಜ್ಜಿ ತಾತಂದಿರು ಕೀಲುನೋವಿಗೆ ಒಬ್ಬರಿಂದ ಗುಳಿಗೆ, ನಿಶ್ಶಕ್ತಿಗೆ ಇನ್ನೊಬ್ಬರಿಂದ ಟಾನಿಕ್ಕು, ನೆರೆಯವರು ಹೇಳಿದ ಮತ್ತೊಂದು ಪುಡಿ ಎಂದು ತೆಗೆದುಕೊಳ್ಳುವುದು ಅಪರೂಪವೇನಲ್ಲ. ವಿಜ್ಞಾನ ಓದುವ ಮೊಮ್ಮಕ್ಕಳು ಮಾಡಬಹುದಾದ ಉಪಕಾರವೊಂದಿದೆ. ಅವರು ನುಂಗುವುದೆಲ್ಲವನ್ನೂ, ಹೊತ್ತು ಮತ್ತು ಪ್ರಮಾಣಗಳೊಡನೆ, ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡುವುದು. ತಾವಾಗಿಯೇ ಔಷಧವನ್ನು ನಿಲ್ಲಿಸುವುದೂ ಸಲ್ಲದು, ಖನಿಜವನ್ನು ಸೇರಿಸುವುದೂ ಸಲ್ಲದು. ತಕ್ಕಡಿಯ ಒಂದು ತಟ್ಟೆಯನ್ನು ಮುಟ್ಟಿದರೆ ಇನ್ನೊಂದು ಅಲುಗದೆ ಇರದು. ದೇಹವೆಂಬ ತಕ್ಕಡಿಗಾದರೋ ತಟ್ಟೆಗಳು ಎರಡೇ ಅಲ್ಲ.